ಹಳೆ ಕಾರು ನಿಮ್ಮನ್ನು ಎಷ್ಟು ಕಾಯುತ್ತದೆ? ಹೀಗೆ ನೋಡಿ

‘ಹಳೆ ಕಾರಿನ ತಗಡು ದಪ್ಪ, ಗುದ್ದಿದರೂ ಏನಾಗಲ್ಲ’ ಎನ್ನುವವರಿದ್ದಾರೆ ಅಲ್ವಾ? ಅವರಿಗೆ ಒಂದು ಪರೀಕ್ಷೆಯ ಕಥೆ ಹೇಳಬೇಕು. 2009ರಲ್ಲಿ ಅಮೆರಿಕದಲ್ಲಿ 1959ರ ಷೆವ್ರೊಲೆ ಬೆಲ್ ಏರ್ ಮತ್ತು 2009ರ ಷೆವ್ರೊಲೆ ಮಾಲಿಬು ಕಾರುಗಳನ್ನು ಎದುರುಬದುರು ಗುದ್ದಿಸಿದರು. ವೇಗ ಗಂಟೆಗೆ ಸುಮಾರು 64 ಕಿ.ಮೀ. ಬೆಲ್ ಏರ್‌ನಲ್ಲಿ ಚಾಲಕ ಕೂರುವ ಜಾಗವೇ ನಜ್ಜುಗುಜ್ಜಾಯಿತು. ಮಾಲಿಬುವಿನ ಮೂತಿ ಅಪ್ಪಚ್ಚಿಯಾಯಿತು, ಆದರೆ ಚಾಲಕನ ಬದಲು ಒಳಗೆ ಕೂರಿಸಿದ್ದ ಪರೀಕ್ಷೆಯ ಗೊಂಬೆಗೆ ಕಾಲಿನ ಸಣ್ಣ ಪೆಟ್ಟು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ.

ಮೂತಿ ಮುದುಡಬೇಕು, ಕೂರುವ ಜಾಗ ಮುದುಡಬಾರದು. ಮುದುಡುವಾಗ ಗುದ್ದಿನ ಶಕ್ತಿ ಅಲ್ಲೇ ಕರಗುತ್ತದೆ. ಈ ವಿನ್ಯಾಸದ ಮರ್ಸಿಡಿಸ್ ಕಾರು ಹೊರಬಂದದ್ದೂ 1959ರಲ್ಲೇ! ವೋಲ್ವೊ ಮೂರು ಬಿಂದುಗಳ ಸೀಟ್ ಬೆಲ್ಟ್ ತಂದದ್ದೂ ಅದೇ ವರ್ಷ. ಹಾಗಾಗಿ ವಯಸ್ಸೊಂದನ್ನೇ ನೋಡಿದರೆ ಸಾಲದು.

ಮೊದಲು, ಆ ಮಾದರಿಯ ವಿನ್ಯಾಸ ಯಾವ ವರ್ಷದ್ದು ಅಂತ ಹುಡುಕಿ. ಹೋದ ವರ್ಷ ಮಾರಾಟವಾದ ಕಾರಿನ ಒಡಲು ಹತ್ತು ವರ್ಷ ಹಳೆಯದಿರಬಹುದು. ಇಂಥ ಗುದ್ದು ಪರೀಕ್ಷೆಗಳಲ್ಲಿ ಸುರಕ್ಷತೆಗೆ ಕೊಡುವ ಸ್ಟಾರ್ ರೇಟಿಂಗ್ ಇದ್ದರೆ ಪರೀಕ್ಷೆಯ ವರ್ಷವನ್ನೂ ನೋಡಿ. ನಿಯಮಗಳು ಬಿಗಿಯಾಗುತ್ತಾ ಬಂದಿವೆ, ಹಳೆಯ ಐದು ಸ್ಟಾರ್ ಇಂದಿನ ಐದಕ್ಕೆ ಸಮವಲ್ಲ.

ಆಮೇಲೆ ಕೀ ತಿರುಗಿಸಿ, ಏರ್‌ಬ್ಯಾಗ್ ದೀಪದ ಮೇಲೇ ಕಣ್ಣಿಡಿ. ಅದು ಹೊತ್ತಿಕೊಂಡು ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಿಕೊಳ್ಳದೇ ಇದ್ದರೆ ಇನ್ನೂ ಅನುಮಾನ: ದೋಷ ಮುಚ್ಚಿಡಲು ಯಾರೋ ದೀಪವನ್ನೇ ಕಿತ್ತಿರಬಹುದು. ಅಂಥ ಕಾರನ್ನು ತಜ್ಞರಿಗೆ ತೋರಿಸದೆ ಕೊಳ್ಳಲೇಬೇಡಿ.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಅಂಚು ನೂಲುನೂಲಾಗಿದೆಯೇ, ಬೆರಳಾಡಿಸಿದರೆ ಎಲ್ಲಾದರೂ ಕರಗಿದಂತೆ ನುಣುಪಾಗಿದೆಯೇ? ಅದು ಹಿಂದೊಮ್ಮೆ ಜೋರಾಗಿ ಗುದ್ದಿದ್ದರ ಗುರುತಿರಬಹುದು.

ಬಾನೆಟ್ ಎತ್ತಿ, ಮುಂದಿನ ಚಾಸಿ ಪಟ್ಟಿಗಳನ್ನು (ಎಂಜಿನ್‌ನ ಎರಡೂ ಬದಿಯಲ್ಲಿ ಮುಂದಕ್ಕೆ ಚಾಚಿದ ಉದ್ದನೆಯ ಲೋಹದ ತೊಲೆಗಳನ್ನು) ಟಾರ್ಚ್ ಹಾಕಿ ನೋಡಿ. ಒರಟು ವೆಲ್ಡಿಂಗ್, ಸುಕ್ಕು, ತುಕ್ಕು ಕಂಡರೆ ಆ ಕಾರು ಬೇಡ. ಒಮ್ಮೆ ಮುದುಡಿದ ಲೋಹವನ್ನು ಸುಮ್ನೆ ಬಡಿದು ನೇರ ಮಾಡಿದ್ದರೆ, ಮುಂದಿನ ಸಲ ಅದು ಹೇಗೆ ಮುದುಡುತ್ತದೆ ಅಂತ ಹೇಳಲಾಗದು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3519 ಅಂದರೆ 2019ರ 35ನೇ ವಾರ ತಯಾರಾದದ್ದು. ಕಚ್ಚು ಚೆನ್ನಾಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಕೊನೆಗೆ ಚಾಲಕನ ಸೀಟಿನಲ್ಲಿ ಕೂತು ತಲೆಯಾಸರೆ ಎತ್ತಿ ನೋಡಿ. ಅದರ ತುದಿ ನಿಮ್ಮ ನೆತ್ತಿಯ ಮಟ್ಟಕ್ಕೆ ಬಂದು, ಅಲ್ಲೇ ಕಚ್ಚಿ ನಿಲ್ಲಬೇಕು.