ಮುಳ್ಳು ಚುಚ್ಚಿದಾಗ ದೇಹದ ರಕ್ಷಣಾ ಪಡೆ ಎಚ್ಚರಗೊಳ್ಳುವುದು ಹೇಗೆ?

ತೋಟದಲ್ಲಿ ಬರಿಗಾಲಲ್ಲಿ ಓಡಾಡುವಾಗ ಮುಳ್ಳು ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಆ ಜಾಗ ಕೆಂಪಾಗಿ, ಬಿಸಿಯೇರಿ, ಊದಿಕೊಂಡು ನೋಯತೊಡಗುತ್ತದೆ. ಮುಳ್ಳಿನೊಡನೆ ಒಳಹೊಕ್ಕ ಬ್ಯಾಕ್ಟೀರಿಯಾಗಳ ಹಾವಳಿ ಇದು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ವಾಸ್ತವವಾಗಿ ಇದರ ಬಹುಪಾಲು ನಮ್ಮದೇ ರಕ್ಷಣಾ ಕೋಶಗಳ ಪ್ರೊಟೀನುಗಳು ಮಾಡುವ ಕೆಲಸ. ಅದು ನಡೆಯುವ ಕ್ರಮವನ್ನು ಹಂತ ಹಂತವಾಗಿ ನೋಡೋಣ.

ಮೊದಲನೆಯದು ಗುರುತಿಸುವ ಹಂತ. ಚರ್ಮದಡಿಯಲ್ಲಿ ಸದಾ ಬೀಡುಬಿಟ್ಟಿರುವ, ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಕೋಶಗಳಲ್ಲಿ ಟೋಲ್ ಮಾದರಿಯ ಗ್ರಾಹಕಗಳು (ಟಿಎಲ್‌ಆರ್) ಎಂಬ, ರೋಗಾಣುಗಳ ಗುರುತು ಹಿಡಿಯುವ ಪ್ರೊಟೀನುಗಳಿವೆ. ಮನುಷ್ಯರಲ್ಲಿ ಇವು 10 ಬಗೆ. ಟಿಎಲ್‌ಆರ್-4 ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಕೊಬ್ಬು ಮತ್ತು ಸಕ್ಕರೆ ಸೇರಿ ಆದ ಅಣುವನ್ನು ಪತ್ತೆ ಮಾಡಿದರೆ, ಟಿಎಲ್‌ಆರ್-5 ಅವು ಈಜಲು ಬಳಸುವ ಬಾಲದ ಪ್ರೊಟೀನನ್ನು ಪತ್ತೆ ಮಾಡುತ್ತದೆ. ಈ ವಸ್ತುಗಳು ನಮ್ಮ ಕೋಶಗಳಲ್ಲಿ ಇರುವುದೇ ಇಲ್ಲವಾದ್ದರಿಂದ, ಅವು ಕಂಡವೆಂದರೆ ಹೊರಗಿನವರು ಬಂದಿದ್ದಾರೆಂದೇ ಅರ್ಥ. ಈ ಗ್ರಾಹಕಗಳ ಹೆಸರಿಗೆ ಮೂಲವಾದ ಟೋಲ್ ಜೀನ್ ಕೆಟ್ಟ ಹಣ್ಣಿನ ನೊಣಗಳು ಶಿಲೀಂಧ್ರ ಸೋಂಕನ್ನು ಎದುರಿಸಲಾರದೆ ಸಾಯುತ್ತವೆ ಎಂಬುದನ್ನು ಫ್ರಾನ್ಸ್‌ನ ಜೂಲ್ ಹಾಫ್‌ಮನ್ ತಂಡ 1996ರಲ್ಲಿ ತೋರಿಸಿತು. 1998ರಲ್ಲಿ ಅಮೆರಿಕದ ಬ್ರೂಸ್ ಬ್ಯೂಟ್ಲರ್ ಇಲಿಗಳಲ್ಲಿ ಅದೇ ಬಗೆಯ ಗ್ರಾಹಕವನ್ನು ಕಂಡರು. ಇಬ್ಬರಿಗೂ 2011ರ ನೊಬೆಲ್ ಸಂದಿತು. ನೊಣದ ಮೇಲಿನ ಸಂಶೋಧನೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಗೊತ್ತಿಲ್ಲ.

ಗ್ರಾಹಕ ಚುರುಕಾದೊಡನೆ ಕೋಶದೊಳಗೆ ಕಟ್ಟಿಹಾಕಿದಂತಿದ್ದ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೊಟೀನ್ ಬಿಡುಗಡೆಯಾಗಿ, ಕೋಶಕೇಂದ್ರಕ್ಕೆ ಹೋಗಿ, ಸೈಟೊಕೈನ್‌ಗಳನ್ನು ತಯಾರಿಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಸೈಟೊಕೈನ್‌ಗಳೆಂದರೆ ಕೋಶಗಳು ಪರಸ್ಪರ ಸುದ್ದಿ ಮುಟ್ಟಿಸುವ ಪ್ರೊಟೀನುಗಳು. ಇವುಗಳಲ್ಲೊಂದಾದ ಟಿಎನ್‌ಎಫ್‌ನಿಂದ ಹತ್ತಿರದ ರಕ್ತನಾಳಗಳು ಹಿಗ್ಗಿ ಸಡಿಲವಾಗುತ್ತವೆ. ನಾಳದ ಒಳಗೋಡೆಯ ಮೇಲೆ ಸೆಲೆಕ್ಟಿನ್ ಎಂಬ ಅಂಟು ಪ್ರೊಟೀನುಗಳು ಮೂಡುತ್ತವೆ. ರಕ್ತದಲ್ಲಿ ಸಾಗುತ್ತಿದ್ದ, ಬಿಳಿ ರಕ್ತಕಣಗಳ ಒಂದು ಬಗೆಯಾದ ನ್ಯೂಟ್ರೊಫಿಲ್‌ಗಳು ಅವಕ್ಕೆ ತಗುಲಿ, ಉರುಳುರುಳಿ ನಿಧಾನವಾಗಿ, ಕೊನೆಗೆ ಗೋಡೆಯ ಸಂದಿನಿಂದ ನುಸುಳಿ ಗಾಯದತ್ತ ಧಾವಿಸುತ್ತವೆ. ಹೋರಾಡಿ ಸತ್ತ ಇವೇ ಕೀವಿನ ಮುಖ್ಯ ಅಂಶ. ಇಂಟರ್‌ಲ್ಯೂಕಿನ್-1 ಮತ್ತು 6 ಎಂಬ ಸೈಟೊಕೈನ್‌ಗಳು ದೂರದವರೆಗೂ ಹೋಗುತ್ತವೆ. ದೇಹದ ಬಿಸಿಯನ್ನು ನಿಯಂತ್ರಿಸುವ ಮೆದುಳಿನ ಭಾಗವಾದ ಹೈಪೊಥಲಾಮಸ್‌ನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುವಂತೆ ಮಾಡಿ ಅವು ಜ್ವರ ತರಿಸುತ್ತವೆ. ಪ್ಯಾರಸಿಟಮಾಲ್ ತಗ್ಗಿಸುವುದು ಈ ಪ್ರೊಸ್ಟಗ್ಲಾಂಡಿನನ್ನೇ. ಆದ್ದರಿಂದ ಜ್ವರ ಇಳಿದರೂ ಸೋಂಕು ಉಳಿದಿರಬಹುದು. ಇಂಟರ್‌ಲ್ಯೂಕಿನ್-6ರ ಸುದ್ದಿ ತಲುಪಿದ ಯಕೃತ್ತು ತಯಾರಿಸುವ ಪ್ರೊಟೀನೇ ಲ್ಯಾಬ್ ವರದಿಯಲ್ಲಿ ಕಾಣುವ ಸಿಆರ್‌ಪಿ.

ಇಷ್ಟಕ್ಕೂ ಸೋಂಕು ಮಣಿಯದಿದ್ದರೆ, ನಿರ್ದಿಷ್ಟ ರೋಗಾಣುವನ್ನೇ ಗುರಿಯಾಗಿಸುವ ಬಿಳಿ ರಕ್ತಕಣಗಳಾದ ಟಿ ಕೋಶಗಳನ್ನು ಎಬ್ಬಿಸಬೇಕಾಗುತ್ತದೆ. ಗಾಯದಿಂದ ಸುದ್ದಿ ಒಯ್ಯುವ ಡೆಂಡ್ರಿಟಿಕ್ ಕೋಶಗಳು ಬ್ಯಾಕ್ಟೀರಿಯಾದ ತುಣುಕುಗಳನ್ನು, ತಟ್ಟೆಯಂತೆ ಎತ್ತಿ ತೋರಿಸುವ ಎಂಎಚ್‌ಸಿ ಪ್ರೊಟೀನಿನ ಮೇಲಿರಿಸಿಕೊಂಡು ತೊಡೆಸಂದಿನ ದುಗ್ಧಗ್ರಂಥಿಗೆ ಹೋಗುತ್ತವೆ; ಕಾಲಿನ ಗಾಯಕ್ಕೆ ತೊಡೆಸಂದಿನಲ್ಲಿ ಗಂಟು ಏಳುವುದು ಹೀಗೆ. ಅಲ್ಲಿ ತುಣುಕನ್ನು ತೋರಿಸಿದ ಮಾತ್ರಕ್ಕೆ ಟಿ ಕೋಶ ಏಳುವುದಿಲ್ಲ. ಖಾತೆದಾರನ ಕೀಲಿ ಮತ್ತು ಬ್ಯಾಂಕಿನ ಕೀಲಿ ಎರಡೂ ಸೇರಿದರೆ ಮಾತ್ರ ತೆರೆಯುವ ಲಾಕರ್‌ನಂತೆ, ಡೆಂಡ್ರಿಟಿಕ್ ಕೋಶದ ಸಿಡಿ80 ಅಥವಾ ಸಿಡಿ86 ಪ್ರೊಟೀನು ಟಿ ಕೋಶದ ಸಿಡಿ28ನ್ನೂ ಕೂಡಬೇಕು. ಈ ಎರಡನೆಯ ಸಂಕೇತ ಸಾಕಷ್ಟು ಮೂಡುವುದು ಡೆಂಡ್ರಿಟಿಕ್ ಕೋಶಕ್ಕೆ ಅಪಾಯದ ಸುದ್ದಿ ಮೊದಲೇ ತಲುಪಿದ್ದಾಗ ಮಾತ್ರ. ಅದಿಲ್ಲದೆ ಬರಿಯ ತುಣುಕನ್ನು ಕಂಡ ಟಿ ಕೋಶ ನಿಷ್ಕ್ರಿಯವಾಗುತ್ತದೆ. ನಮ್ಮ ದೇಹದ ಮೇಲೆ ನಮ್ಮ ಪಡೆಯೇ ಎರಗದಿರಲು ಇದೊಂದು ಮುಖ್ಯ ಕಾರಣ. ಮುಳ್ಳು ಚುಚ್ಚಿದವರಿಗೆ ಹಾಕುವ ಧನುರ್ವಾಯು ಲಸಿಕೆಯಲ್ಲಿ ಅಲ್ಯೂಮಿನಿಯಂ ಲವಣ ಬೆರೆಸಿರುವುದೂ ಅಪಾಯದ ಸುದ್ದಿಯನ್ನು ಬೇಕೆಂದೇ ಹುಟ್ಟಿಸುವುದಕ್ಕೆ.

ಎರಡೂ ಸಂಕೇತ ಸಿಕ್ಕ ಟಿ ಕೋಶ ಇಂಟರ್‌ಲ್ಯೂಕಿನ್-2 ಸ್ರವಿಸಿ, ಕೆಲವು ದಿನಗಳಲ್ಲಿ ತನ್ನಂಥ ಸಾವಿರಾರು ಕೋಶಗಳಾಗಿ ಬೆಳೆದು, ರೋಗಾಣುಗಳಿಗೆ ಅಂಟಿಕೊಳ್ಳುವ ಪ್ರೊಟೀನುಗಳಾದ ಪ್ರತಿಕಾಯಗಳನ್ನು ತಯಾರಿಸಲು ಬಿ ಕೋಶಗಳಿಗೂ ನೆರವಾಗುತ್ತದೆ. ಅದೇ ಹೊತ್ತಿಗೆ ಸಿಟಿಎಲ್‌ಎ-4 ಎಂಬ ಪ್ರೊಟೀನನ್ನೂ ಹೊರತರುತ್ತದೆ. ಇದು ಸಿಡಿ28ಕ್ಕಿಂತ ಬಿಗಿಯಾಗಿ ಸಿಡಿ80ನ್ನು ಹಿಡಿದು ಪಡೆಯ ವೇಗಕ್ಕೆ ಬ್ರೇಕ್ ಹಾಕುತ್ತದೆ. ಆ ಬ್ರೇಕನ್ನು ತೆಗೆದರೆ ಟಿ ಕೋಶಗಳು ಕ್ಯಾನ್ಸರ್ ಮೇಲೆರಗಬಲ್ಲವೆಂದು ತೋರಿಸಿದ ಜೇಮ್ಸ್ ಆಲಿಸನ್ 2018ರ ನೊಬೆಲ್ ಹಂಚಿಕೊಂಡರು. ಇಂಥ ಔಷಧ ಪಡೆಯುವ ಕೆಲವರಲ್ಲಿ ಅವೇ ಕೋಶಗಳು ಕರುಳು, ಥೈರಾಯ್ಡ್‌ಗಳ ಮೇಲೂ ತಿರುಗಿಬೀಳುವುದರಿಂದ, ವೈದ್ಯರು ಚಿಕಿತ್ಸೆಯುದ್ದಕ್ಕೂ ಆ ಅಂಗಗಳ ಮೇಲೆ ನಿಗಾ ಇಡುತ್ತಾರೆ.