ಬೇಸ್‌ಗೆ ಸ್ಟ್ರಿಂಗ್ ಆರಿಸುವಾಗ ಬ್ರ್ಯಾಂಡ್ ಕೊನೆಗೆ ನೋಡಿ: ನನ್ನ ಅನುಭವ

ಅಂಗಡಿಗೆ ಹೋಗಿ ಬೇಸ್ ಗಿಟಾರ್ ಸ್ಟ್ರಿಂಗ್ ಕೇಳಿದರೆ ಮೊದಲ ಪ್ರಶ್ನೆ "ಯಾವ ಬ್ರ್ಯಾಂಡ್ ಬೇಕು?" ಅಂತ. ನನ್ನ ಲೆಕ್ಕದಲ್ಲಿ ಅದು ಕೊನೆಯ ಪ್ರಶ್ನೆ. ನಿಮ್ಮ ಕೈ ಎಷ್ಟು ಬೆವರುತ್ತದೆ, ಎಂಥ ಸ್ಪೀಕರ್‌ನಲ್ಲಿ ನುಡಿಸುತ್ತೀರಿ, ಸ್ಟ್ರಿಂಗ್ ಬೆರಳಿಗೆ ಬಿಗಿಯಾಗಿ ಸಿಗಬೇಕೋ ಸಡಿಲವಾಗಿರಬೇಕೋ, ಇದನ್ನೆಲ್ಲ ಮೊದಲು ಕೇಳಿಕೊಳ್ಳಬೇಕು.

ನಾನು ನುಡಿಸುವುದು ಆರ್ಕೆಸ್ಟ್ರಾದಲ್ಲಿ, ಮಂಗಳೂರು-ಉಡುಪಿ ಕಡೆ. ಗಣೇಶೋತ್ಸವ, ಶಾರದೋತ್ಸವ, ನವೆಂಬರ್ ಬಂದರೆ ರಾಜ್ಯೋತ್ಸವ, ಆಮೇಲೆ ಮದುವೆ ರಿಸೆಪ್ಶನ್ನುಗಳು. ಕರಾವಳಿಯ ಸೆಕೆ ಗೊತ್ತಲ್ಲ. ಸ್ಟೇಜ್ ಲೈಟಿನ ಕೆಳಗೆ ಎರಡು ಹಾಡು ಮುಗಿಯುವಷ್ಟರಲ್ಲಿ ಅಂಗೈಯಿಂದ ನೀರು ಇಳಿಯುತ್ತದೆ. ಬೆಂಗಳೂರಿನ ಗೆಳೆಯರಿಗೆ ತಿಂಗಳುಗಟ್ಟಲೆ ಬರುವ ಸ್ಟ್ರಿಂಗ್ ನನ್ನ ಕೈಯಲ್ಲಿ ಕೆಲವೇ ಕಾರ್ಯಕ್ರಮಕ್ಕೆ ಸತ್ತು ಹೋಗುತ್ತದೆ.

ಯಾಕೆ ಅಂದರೆ, ಹೆಚ್ಚಿನ ಬೇಸ್‌ಗಳ ಜೊತೆ ಬರುವುದು ರೌಂಡ್‌ವೌಂಡ್. ಒಳಗೊಂದು ಉಕ್ಕಿನ ತಂತಿ, ಅದರ ಮೇಲೆ ಗುಂಡನೆಯ ಇನ್ನೊಂದು ತಂತಿಯ ಸುತ್ತು. ಉಗುರಿನಿಂದ ಉದ್ದಕ್ಕೆ ಗೀಚಿದರೆ ಜರ್ರ್ ಅನ್ನುತ್ತದೆ. ಸುತ್ತಿಗೂ ಸುತ್ತಿಗೂ ನಡುವೆ ಸಂದಿ ಇರುತ್ತದೆ, ಆ ಸಂದಿಯಲ್ಲಿ ಬೆವರು, ಚರ್ಮದ ಕೊಳೆ ಎಲ್ಲ ಸೇರಿ ಗಟ್ಟಿಯಾಗುತ್ತದೆ, ಮೇಲಿಂದ ತುಕ್ಕು. ಮೊದಲು ಹೋಗುವುದು ಮೇಲಿನ ಹೊಳಪಿನ ನಾದ. ಆಮೇಲೆ ಕೊಳೆ ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ ಆಗಿ ತೂಕವೇ ಏರುಪೇರಾಗುತ್ತದೆ. ಖಾಲಿ ತಂತಿ ಶ್ರುತಿಯಲ್ಲಿದ್ದರೂ ಹನ್ನೆರಡನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ಒತ್ತಿದರೆ ಶ್ರುತಿ ತಪ್ಪಿರುತ್ತದೆ. ಅಲ್ಲಿಗೆ ಆ ಸೆಟ್‌ನ ಆಯಸ್ಸು ಮುಗಿಯಿತು ಅಂತ. ನೀರಲ್ಲಿ ಕುದಿಸಿದರೆ ಮತ್ತೆ ಜೀವ ಬರುತ್ತದೆ ಅನ್ನುತ್ತಾರೆ, ಬರುವುದೂ ಹೌದು. ಆದರೆ ಸ್ವಲ್ಪ ದಿನಕ್ಕೆ ಅಷ್ಟೇ. ಒರೆಸಿ ಒಣಗಿಸದಿದ್ದರೆ ತುಕ್ಕು ಇನ್ನೂ ಬೇಗ.

ಕೋಟಿಂಗ್ ಇರುವ ಸ್ಟ್ರಿಂಗ್ ಕೂಡ ಹಾಕಿ ನೋಡಿದೆ, ಎಲಿಕ್ಸರ್ ತರಹದ್ದು. ಬಾಳಿಕೆ ಬಂತು, ಸುಳ್ಳು ಹೇಳಬಾರದು. ಆದರೆ ಬೆವರಿದ ಕೈಗೆ ಜಾರಿದ ಹಾಗೆ ಅನ್ನಿಸುತ್ತಿತ್ತು, ನನಗೆ ಒಗ್ಗಲಿಲ್ಲ.

ಹಾಗಾಗಿ ಮನಸ್ಸು ಫ್ಲ್ಯಾಟ್‌ವೌಂಡ್ ಕಡೆ ಹೋಯಿತು. ಇದರಲ್ಲಿ ಹೊರಗಿನ ಸುತ್ತು ಚಪ್ಪಟೆ ಪಟ್ಟಿ. ಸಂದಿಯೇ ಇಲ್ಲ, ಕೊಳೆ ಕೂರಲು ಜಾಗ ಇಲ್ಲ. ವರ್ಷಗಟ್ಟಲೆ ಬರುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ತನ್ನ ಲಾ ಬೆಲ್ಲಾ ಕಂಪನಿಯ ಫ್ಲ್ಯಾಟ್‌ವೌಂಡನ್ನು ತುಂಡಾಗುವವರೆಗೆ ಬದಲಿಸುತ್ತಲೇ ಇರಲಿಲ್ಲವಂತೆ. ನಾದ ಮಾತ್ರ ಬೇರೆಯೇ. ಟಣ್ ಅನ್ನುವ ಬದಲು ದುಮ್ ಅಂತ ಬಂದು ಅಲ್ಲೇ ನಿಲ್ಲುತ್ತದೆ. ರಾಜನ್-ನಾಗೇಂದ್ರ ಹಾಡುಗಳನ್ನು ನುಡಿಸುವಾಗ ಢೋಲಕ್ ಮತ್ತು ರಿದಮ್ ಪ್ಯಾಡ್ ಪಕ್ಕದಲ್ಲಿ ನನಗೆ ಬೇಕಿದ್ದದ್ದು ಇದೇ.

ಬೆಲೆ ರೌಂಡ್‌ವೌಂಡ್‌ನ ಎರಡು-ಮೂರು ಪಟ್ಟು. ಅಷ್ಟು ದುಡ್ಡು ಹಾಕುವ ಮೊದಲು ಆ ನಾದ ನನಗೆ ಹಿಡಿಸುತ್ತದಾ ಅಂತ ಸ್ಪಂಜ್ ಇಟ್ಟು ನೋಡಿದೆ. ಪಾತ್ರೆ ತೊಳೆಯುವ ಹೊಸ ಸ್ಪಂಜ್‌ನಿಂದ ಒಂದು ಬೆರಳಗಲದ ತುಂಡು ಕತ್ತರಿಸಿ ಬ್ರಿಡ್ಜ್ (ಬಾಡಿಯ ಮೇಲೆ ಸ್ಟ್ರಿಂಗ್ ಕೂರುವ ಲೋಹದ ಭಾಗ) ಪಕ್ಕ ನಾಲ್ಕೂ ಸ್ಟ್ರಿಂಗ್‌ಗಳ ಕೆಳಗೆ ತೂರಿಸುವುದು. ತೀರಾ ಒತ್ತಬಾರದು, ಸುಮ್ನೆ ತಾಗಿದರೆ ಸಾಕು. ಟೋನ್ ನಾಬ್ ಅರ್ಧ ಇಳಿಸಿ ನುಡಿಸಿದರೆ ಫ್ಲ್ಯಾಟ್‌ವೌಂಡ್‌ನ ಅಂದಾಜು ಸಿಗುತ್ತದೆ. ಇದು ನನ್ನ ಶೋಧನೆ ಏನಲ್ಲ, ಬೇಸ್ ತಯಾರಿಸುವ ಫೆಂಡರ್‌ನವರೇ ಹಿಂದೆ ಬ್ರಿಡ್ಜ್ ಮುಚ್ಚಳದ ಒಳಗೆ ಫೋಮ್ ಇಡುತ್ತಿದ್ದರು. ಹತ್ತು ರೂಪಾಯಿಯ ಈ ಪರೀಕ್ಷೆಯಲ್ಲಿ ನಾದ ಹಿಡಿಸದಿದ್ದರೆ ಫ್ಲ್ಯಾಟ್‌ವೌಂಡ್ ತೆಗೆದುಕೊಳ್ಳಲೇಬೇಡಿ.

ಇನ್ನು ನಂಬರ್. ಪ್ಯಾಕೆಟ್ ಮೇಲೆ 45-65-85-105 ಅಂತ ಇರುತ್ತದಲ್ಲ, ಅದು ಇಂಚಿನ ಸಾವಿರದ ಲೆಕ್ಕ. 105 ಅಂದರೆ 0.105 ಇಂಚು, ಅಂದರೆ ಸುಮಾರು 2.67 ಮಿಲಿಮೀಟರ್ ದಪ್ಪ. ತುಂಬಾ ಜನ ಈ ನಂಬರ್ ನೋಡಿಯೇ ಬಿಗಿ ಎಷ್ಟು ಅಂತ ತೀರ್ಮಾನ ಮಾಡುತ್ತಾರೆ. ಅದು ಪೂರ್ತಿ ಸರಿಯಲ್ಲ. ಬಿಗಿ ನಿರ್ಧಾರ ಆಗುವುದು ಸ್ಟ್ರಿಂಗ್‌ನ ತೂಕ, ಬೇಸ್‌ನ ಸ್ಕೇಲ್ ಉದ್ದ (ತಲೆಯ ಬುಡದ ನಟ್ ಅನ್ನುವ ಪಟ್ಟಿಯಿಂದ ಬ್ರಿಡ್ಜ್‌ವರೆಗೆ), ಯಾವ ಸ್ವರಕ್ಕೆ ಎಳೆಯುತ್ತೀರಿ, ಈ ಮೂರರಿಂದ. ಇದರ ಜೊತೆಗೆ ಒಳತಂತಿ ಆರು ಮೂಲೆಯದ್ದಾದರೆ ಬೆರಳಿಗೆ ಗಡುಸು, ಗುಂಡನೆಯದ್ದಾದರೆ ಮೆದು. ಫ್ಲ್ಯಾಟ್‌ವೌಂಡ್‌ನಲ್ಲಿ ಸಂದಿ ಇಲ್ಲದ್ದರಿಂದ ಅದೇ ದಪ್ಪಕ್ಕೆ ಲೋಹ ಜಾಸ್ತಿ, ಹಾಗಾಗಿ ಸಾಮಾನ್ಯವಾಗಿ ಬಿಗಿಯೂ ಜಾಸ್ತಿ. ಸಾಮಾನ್ಯವಾಗಿ ಅಂದೆ, ಯಾಕೆಂದರೆ ಥೊಮಾಸ್ಟಿಕ್‌ನ ಜಾಝ್ ಫ್ಲ್ಯಾಟ್ಸ್ 43-56-70-100, ಅದು ಫ್ಲ್ಯಾಟ್‌ವೌಂಡ್ ಆದರೂ ಹೆಸರಾದದ್ದೇ ಸಡಿಲಕ್ಕೆ. ಆ ಕಡೆ ಜೇಮರ್‌ಸನ್ ಹೆಸರಲ್ಲಿ ಮಾರುವ ಲಾ ಬೆಲ್ಲಾ ಸೆಟ್ 52-73-95-110. ಅದನ್ನು ಒತ್ತಿ ಹಿಡಿಯಲು ಬೆರಳಲ್ಲಿ ಕಸುವು ಬೇಕು.

ನನಗೆ ನಡುವಿನದ್ದು ಬೇಕಿತ್ತು. ಅದಕ್ಕೊಂದು ಕಾರಣವೂ ಇತ್ತು. ನಮ್ಮ ಗಿಟಾರ್‌ನವರು ಗಾಯಕರ ಅನುಕೂಲಕ್ಕೆ ಆಗಾಗ ಅರ್ಧ ಸ್ವರ ಕೆಳಗೆ ಟ್ಯೂನ್ ಮಾಡಿಸುತ್ತಾರೆ. ಅರ್ಧ ಸ್ವರ ಇಳಿಸಿದರೆ ಬಿಗಿ ಸುಮಾರು ಶೇ 11ರಷ್ಟು ಇಳಿಯುತ್ತದೆ. 100ರ ಇ ಸ್ಟ್ರಿಂಗ್ (ಎಲ್ಲಕ್ಕಿಂತ ದಪ್ಪನೆಯದು) ಆಗ ಜೋಲು ಬಿದ್ದ ಹಾಗೆ ಆಗಿ ಫ್ರೆಟ್‌ಗೆ ಬಡಿಯತೊಡಗುತ್ತದೆ. 105 ಆದರೆ ತಡೆದುಕೊಳ್ಳುತ್ತದೆ. ಹೀಗೆ 45-65-85-105ರ ಫ್ಲ್ಯಾಟ್‌ವೌಂಡ್‌ಗೆ ಬಂದು ನಿಂತೆ.

ಉದ್ದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನನ್ನದು ಪ್ರಿಸಿಷನ್ ಮಾದರಿ, 34 ಇಂಚು ಸ್ಕೇಲ್. 1951ರಲ್ಲಿ ಫೆಂಡರ್ ಈ ಅಳತೆ ತಂದದ್ದು, ಈಗ ಲಾಂಗ್ ಸ್ಕೇಲ್ ಅಂದರೆ ಇದೇ. ನಿಮ್ಮದು 30 ಇಂಚಿನ ಶಾರ್ಟ್ ಸ್ಕೇಲ್ ಆಗಿದ್ದರೆ ಅದಕ್ಕೆಂದೇ ಮಾಡಿದ ಸೆಟ್ ಕೇಳಿ. ಲಾಂಗ್ ಸ್ಕೇಲ್ ಸ್ಟ್ರಿಂಗ್ ಕತ್ತರಿಸಿ ಹಾಕಿದರೆ ದಪ್ಪ ಭಾಗವೇ ಪೆಗ್ (ಶ್ರುತಿ ಮಾಡಲು ತಿರುಗಿಸುವ ಕಂಬ) ಮೇಲೆ ಸುತ್ತಿಕೊಳ್ಳುತ್ತದೆ, ಹೊರಸುತ್ತು ಅಲ್ಲಿಯೇ ಬಿಟ್ಟುಕೊಳ್ಳುವುದು. ಫ್ಲ್ಯಾಟ್‌ವೌಂಡ್‌ನಲ್ಲಂತೂ ಇದು ಇನ್ನೂ ಕಷ್ಟ. ಬ್ರಿಡ್ಜ್ ಬದಲು ಬಾಡಿಯ ಹಿಂದಿನಿಂದ ಸ್ಟ್ರಿಂಗ್ ತೂರಿಸುವ ಬೇಸ್ ಆದರೆ ಇನ್ನಷ್ಟು ಉದ್ದ ಬೇಕು.

ಹಾಕುವಾಗ ನಾನು ಒಂದೊಂದೇ ಬಿಚ್ಚಿ ಬದಲಿಸುತ್ತೇನೆ, ಒಟ್ಟಿಗೆ ನಾಲ್ಕನ್ನೂ ತೆಗೆಯುವುದಿಲ್ಲ. ನಾಲ್ಕೂ ಸೇರಿ ಕುತ್ತಿಗೆಯ ಮೇಲೆ 80 ಕೆಜಿ ಆಸುಪಾಸಿನ ಎಳೆತ ಇರುತ್ತದೆ, ಸುಮ್ನೆ ಅದನ್ನು ಒಮ್ಮೆಲೇ ಬಿಡುವುದು ಯಾಕೆ. ಪೆಗ್ ದಾಟಿ ನಾಲ್ಕೈದು ಇಂಚು ಬಿಟ್ಟು, ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಈಚೆ ಇಕ್ಕಳದಿಂದ ಚೂಪಾಗಿ ಮಡಚಿ, ಆಮೇಲೆ ಕತ್ತರಿಸಬೇಕು. ಮಡಚದೆ ಕತ್ತರಿಸಿದರೆ, ಮುಖ್ಯವಾಗಿ ಗುಂಡನೆಯ ಒಳತಂತಿ ಇದ್ದರೆ, ಹೊರಸುತ್ತು ಸಡಿಲವಾಗಿ ಇಡೀ ಸ್ಟ್ರಿಂಗ್ ಮಂಕಾಗುತ್ತದೆ. ಸುತ್ತುಗಳು ಮೇಲಿಂದ ಕೆಳಕ್ಕೆ ಬರಲಿ. ಒಂದೇ ಸಾಲಲ್ಲಿ ನಾಲ್ಕು ಪೆಗ್ ಇರುವ ತಲೆಯಲ್ಲಿ ಡಿ ಮತ್ತು ಜಿಯನ್ನು ಒಂದು ಪುಟ್ಟ ಗುಂಡಿ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ, ಎ ಸ್ಟ್ರಿಂಗ್‌ಗೆ ಆ ಆಸರೆ ಇಲ್ಲ. ಅದಕ್ಕೇ ಎ ಸ್ಟ್ರಿಂಗ್‌ಗೆ ಒಂದು ಸುತ್ತು ಜಾಸ್ತಿ ಕೊಟ್ಟು ಪೆಗ್‌ನ ಬುಡದವರೆಗೂ ಇಳಿಸುತ್ತೇನೆ. ಇಲ್ಲದಿದ್ದರೆ ಖಾಲಿ ಎ ನುಡಿಸಿದಾಗ ನಟ್‌ನಲ್ಲಿ ಗುಂಯ್ ಅನ್ನುತ್ತದೆ, ಜನ ಪಾಪ ಆಂಪ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಬಿಗಿ ಹೆಚ್ಚಾದ್ದರಿಂದ ಮರುದಿನ ನೋಡುವಾಗ ನನ್ನ ಬೇಸ್‌ನ ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ಇದು ಸಹಜ. ಇ ಸ್ಟ್ರಿಂಗನ್ನು ಮೊದಲ ಫ್ರೆಟ್‌ನಲ್ಲೂ ಕುತ್ತಿಗೆ ಬಾಡಿಗೆ ಸೇರುವ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ, ಏಳು-ಎಂಟನೇ ಫ್ರೆಟ್ ಹತ್ತಿರ ಸಂದಿ ನೋಡಿದೆ. ಒಂದು ವಿಸಿಟಿಂಗ್ ಕಾರ್ಡ್ ತೂರಿದರೆ ಸಾಕು, ನನ್ನದರಲ್ಲಿ ಅದಕ್ಕಿಂತ ಜಾಸ್ತಿ ಇತ್ತು. ಕುತ್ತಿಗೆಯ ಒಳಗಿರುವ ಟ್ರಸ್ ರಾಡ್ ಅನ್ನುವ ಸರಳನ್ನು ಕಾಲು ಸುತ್ತು ಬಿಗಿ ಮಾಡಿ ರಾತ್ರಿ ಬಿಟ್ಟೆ, ಸರಿಹೋಯಿತು. ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ತಿರುಗಿಸಬೇಡಿ. ಆಮೇಲೆ ಪ್ರತಿ ಸ್ಟ್ರಿಂಗನ್ನೂ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ಸ್ಟ್ರಿಂಗ್ ಕೂರುವ ಪುಟ್ಟ ತುಂಡು) ಮುಂದೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಹನ್ನೆರಡನೇ ಫ್ರೆಟ್‌ನಲ್ಲಿ ಶ್ರುತಿ ನೋಡಿದೆ. ಒತ್ತಿದ ಸ್ವರ ಮೇಲೆ ಹೋದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ.

ಫ್ಲ್ಯಾಟ್‌ವೌಂಡ್‌ನಲ್ಲಿ ಒಂದು ವಿಷಯ ಹುಷಾರು. ಖಾಲಿ ಇ ಅಂದರೆ ಸುಮಾರು 41 ಹರ್ಟ್ಜ್. ಸಣ್ಣ ಹಾಲ್‌ನ ಬಾಕ್ಸ್‌ಗಳಲ್ಲಿ ಅಷ್ಟು ಕೆಳಗಿನದ್ದು ಬರುವುದೇ ಇಲ್ಲ. ಕೇಳುವವರ ಕಿವಿಗೆ ಬೀಳುವುದು ಅದರ ಮೇಲಿನ 82, 123 ಹರ್ಟ್ಜ್‌ಗಳು, ಉಳಿದದ್ದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಫ್ಲ್ಯಾಟ್‌ವೌಂಡ್ ಹಾಕಿ, ಟೋನ್ ಪೂರ್ತಿ ಇಳಿಸಿ, ಆಂಪ್‌ನಲ್ಲಿ ಬೇಸ್ ನಾಬ್ ಏರಿಸಿದರೆ ನಿಮಗೆ ಸ್ಟೇಜ್ ಮೇಲೆ ಗುಡುಗಿದ ಹಾಗೆ ಇರುತ್ತದೆ, ಹಿಂದಿನ ಸಾಲಿನವರಿಗೆ ಏನೂ ಕೇಳುವುದಿಲ್ಲ. ನಾನು ಟೋನ್ ಅರ್ಧಕ್ಕಿಂತ ಕೆಳಗೆ ಇಳಿಸುವುದಿಲ್ಲ, ಮಿಡ್ (ನಡುವಿನ ನಾದ) ಸ್ವಲ್ಪ ಏರಿಸಿಡುತ್ತೇನೆ. ಸೌಂಡ್‌ನವರಿಗೂ ಮೊದಲೇ ಹೇಳುತ್ತೇನೆ, "ಅಣ್ಣ, ಬೇಸ್‌ನ ಮಿಡ್ ಕಟ್ ಮಾಡಬೇಡಿ" ಅಂತ. ಮಾಡುತ್ತಾರೆ, ಅದು ಬೇರೆ ಮಾತು.

ಸ್ಲ್ಯಾಪ್ (ಹೆಬ್ಬೆರಳಿನಿಂದ ಸ್ಟ್ರಿಂಗ್ ಬಡಿದು) ನುಡಿಸುವವರಿಗೆ ಇದು ಆಗುವುದಿಲ್ಲ, ಅವರಿಗೆ ಸ್ಟೀಲ್ ಇಲ್ಲವೇ ನಿಕಲ್ ಲೇಪದ ರೌಂಡ್‌ವೌಂಡೇ ಸರಿ. ನಮ್ಮ ಲಿಸ್ಟ್‌ನಲ್ಲೂ ಅಂಥ ಒಂದೆರಡು ಹೊಸ ಹಾಡು ಇವೆ. ಅವನ್ನು ಪಿಕ್ ಹಿಡಿದು, ಬ್ರಿಡ್ಜ್ ಹತ್ತಿರ ನುಡಿಸಿ ಹೇಗೋ ನಿಭಾಯಿಸುತ್ತೇನೆ. ಕೇಸ್‌ನಲ್ಲಿ ಬಿಚ್ಚಿಟ್ಟ ಹಳೆಯ ರೌಂಡ್‌ವೌಂಡ್ ಸೆಟ್ ಸುರುಳಿ ಸುತ್ತಿ ಇಟ್ಟಿರುತ್ತೇನೆ. ಬೇಸ್ ಸ್ಟ್ರಿಂಗ್ ತುಂಡಾಗುವುದು ಅಪರೂಪ, ಆದರೆ ರಾತ್ರಿ ಒಂಬತ್ತಕ್ಕೆ ಕಾರ್ಕಳದ ಗದ್ದೆಯ ನಡುವೆ ಯಾವ ಅಂಗಡಿ ತೆರೆದಿರುತ್ತದೆ ಹೇಳಿ.