ಆಸ್ಪತ್ರೆಗೆ ಪ್ರಾರ್ಥನೆ ಮಾಡಲು ಹೋಗುವವರಿಗೆ

ಚರ್ಚಿನ ಸಭೆಯವರು ಯಾರಾದರೂ ಆಸ್ಪತ್ರೆ ಸೇರಿದರೆ ಗುಂಪಾಗಿ ಹೋಗಬೇಡಿ, ಇಬ್ಬರು ಸಾಕು. ಮೊದಲೇ ಮನೆಯವರಿಗೆ ಫೋನ್ ಮಾಡಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ.

ಓದಲು ಚಿಕ್ಕ ಭಾಗ ಆರಿಸಿಕೊಳ್ಳಿ. ಬೈಬಲಿನ 23ನೇ ಕೀರ್ತನೆಯಲ್ಲಿ 6 ವಚನ, 121ರಲ್ಲಿ 8. ನಿಧಾನವಾಗಿ ಓದಿ. ವಯಸ್ಸಾದವರು ಎಷ್ಟೋ ಸಲ ಬಾಯಿಪಾಠವಾಗಿ ಜೊತೆಗೇ ಹೇಳುತ್ತಾರೆ. ಪಕ್ಕದ ಮಂಚದಲ್ಲೂ ರೋಗಿ ಇರುತ್ತಾರೆ ಅಲ್ವಾ, ದನಿ ತಗ್ಗಿಸಿ ಪ್ರಾರ್ಥಿಸಿ.

"ಯಾವ ಪಾಪಕ್ಕೆ ಹೀಗಾಯ್ತೋ" ಅನ್ನುವ ಮಾತು ಮಾತ್ರ ಬೇಡವೇ ಬೇಡ. ಬೈಬಲಿನಲ್ಲಿ ಬಹಳ ಕಷ್ಟ ಅನುಭವಿಸಿದ ಯೋಬನ ಗೆಳೆಯರು 7 ದಿನ ಅವನ ಜೊತೆ ಸುಮ್ನೆ ಕೂತಿದ್ದರು. ಆಮೇಲೆ ಅವರು ಆಡಿದ ಮಾತುಗಳೇ ಅವನನ್ನು ನೋಯಿಸಿದವು. ಹುಟ್ಟುಕುರುಡನ ವಿಷಯದಲ್ಲಿ ಯೇಸು ಸ್ವಾಮಿಯೇ ಪಾಪದಿಂದ ಹೀಗಾಯ್ತು ಅನ್ನುವ ಲೆಕ್ಕಾಚಾರ ಒಪ್ಪಲಿಲ್ಲ (ಯೋಹಾನ 9:3). ನಾವು ಯಾಕೆ ಹೇಳಬೇಕು?

ಔಷಧಿ ಬಿಟ್ಟು ನಂಬಿಕೆ ಇಡಿ ಅಂತಲೂ ಹೇಳಬೇಡಿ. ಸುವಾರ್ತೆ ಬರೆದ ಲೂಕನೇ ವೈದ್ಯ. ಎಣ್ಣೆ ಹಚ್ಚಿ ಪ್ರಾರ್ಥಿಸಿ ಅಂತ ರೋಗಿಯೇ ಕೇಳಿದರೆ ಸಭೆಯ ಹಿರಿಯರನ್ನು ಕರೆಸಿ, ಯಾಕೋಬ 5:14ರಲ್ಲಿರುವುದು ಅದೇ.

ಹೊರಡುವಾಗ ರೋಗಿಯ ಜೊತೆ ಇರುವವರನ್ನು ಊಟ ಆಯ್ತಾ ಅಂತ ಕೇಳಿ. ರಾತ್ರಿ ಅವರ ಬದಲು ಇರಲು ಸಭೆಯಿಂದ ಯಾರಾದರೂ ಬರಬಹುದಾ ಅಂತ ಅಂದೇ ವಿಚಾರಿಸಿ.